ಮಳೆಯೊಂದನ್ನೇ ದೂರಿದರೆ

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ಮೇಲೆ ನಮ್ಮ ಚಿಕ್ಕಪ್ಪ ಮಳೆ ಅಳೆಯುವ ರೀತಿಯೇ ಬದಲಾಯಿತು. ಬೆಳಿಗ್ಗೆ ಒಮ್ಮೆ ಮಾಪಕ ನೋಡಿ ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುವುದು ಕೊಡಗಿನ ತೋಟದವರ ವಾಡಿಕೆ. ಚಿಕ್ಕಪ್ಪನ ಪುಸ್ತಕದಲ್ಲಿ ಮಾತ್ರ ಮುಂದಿನ ಮಳೆಗಾಲದಿಂದ ರಾತ್ರಿ ಹನ್ನೊಂದು, ಒಂದು, ಎರಡೂವರೆ ಎಂಬ ಗಂಟೆಗಳು ಕಾಣಿಸತೊಡಗಿದವು. ಟಾರ್ಚ್ ಹಿಡಿದು ಮನೆಯ ಹಿಂದಿನ ಬರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನಲ್ಲಿ, ಬಿರುಕು ಹುಡುಕುತ್ತಿದ್ದವರು ಕ್ರಮೇಣ ಊಟ ಬಿಟ್ಟರು, ಕಾಫಿ ಕೊಯ್ಲಿನ ದಿನಗಳಲ್ಲೂ ಹಾಸಿಗೆಯಿಂದ ಏಳದಾದರು. ಊರಿನವರು ಮಳೆಯನ್ನು ದೂರಿದರು. ವೈದ್ಯರು ಖಿನ್ನತೆ ಎಂದರು.

ಆದರೆ ಅದೇ ರಾತ್ರಿ ಅದೇ ಮನೆ ಬಿಟ್ಟು, ಪರಿಹಾರ ಕೇಂದ್ರದಲ್ಲಿ ಪಕ್ಕದಲ್ಲೇ ಚಾಪೆ ಹಾಸಿಕೊಂಡ ಚಿಕ್ಕಮ್ಮನಿಗೆ ಈ ಕಾಯಿಲೆ ಬರಲಿಲ್ಲ. ಚಿಕ್ಕಪ್ಪ ಆರು ವರ್ಷದವರಿದ್ದಾಗ ನಮ್ಮ ಅಜ್ಜಿ ಹೆರಿಗೆಯ ನಂತರ ಮಂಕಾಗಿ, ತಿಂಗಳುಗಟ್ಟಲೆ ಯಾರೊಡನೆಯೂ ಮಾತನಾಡದೆ ಉಳಿದದ್ದು, ಚಿಕ್ಕಪ್ಪನನ್ನು ಹಾಸ್ಟೆಲಿಗೆ ಕಳುಹಿಸಿದ್ದು, ತೋಟದ ಸಾಲ, ಸಂಜೆಯ ಒಂದು ಪೆಗ್ಗು ಮೂರಾದದ್ದು, ಇವೆಲ್ಲ ಗುಡ್ಡ ಜಾರುವುದಕ್ಕೆ ಮೊದಲೇ ಇದ್ದವು. ಇವುಗಳಲ್ಲಿ ಯಾವೊಂದೂ ತಾನಾಗಿ ರೋಗ ತರಲೇಬೇಕೆಂದಿಲ್ಲ. ಪ್ರತಿಯೊಂದೂ ಸಾಧ್ಯತೆಯನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತದೆ, ಮತ್ತು ಒಂದರ ಮೇಲೊಂದು ಕೂಡಿದಾಗ ಹೊರಗಿನ ಒಂದು ಆಘಾತ ಸಾಕಾಗುತ್ತದೆ.

ನೆರೆಯ ಕೊಡವ ಹಿರಿಯರೊಬ್ಬರು, ಕಾರೋಣರ ಮುನಿಸಿರಬಹುದು, ನೋಡಿಸಿ ಎಂದಿದ್ದರು. ಕುಲದ ಮೂಲಪುರುಷನನ್ನು ಅವರು ಕರೆಯುವ ಹೆಸರು ನಮ್ಮ 'ಕಾರಣ'ಕ್ಕೆ ಇಷ್ಟು ಹತ್ತಿರವಿರುವುದು ನನಗೆ ಆಗಾಗ ನೆನಪಾಗುತ್ತದೆ, ಏಕೆಂದರೆ ಹಿರಿಯರ ಪಾಲು ಇದರಲ್ಲಿ ನಿಜವಾಗಿಯೂ ಇದೆ, ಮುನಿಸಿನ ರೂಪದಲ್ಲಲ್ಲ, ವಂಶವಾಹಿಗಳ ರೂಪದಲ್ಲಿ. ಆ ಪಾಲಿಗೂ ಮಿತಿಯುಂಟು. ಆನುವಂಶಿಕತೆಯ ಪ್ರಭಾವ ಖಿನ್ನತೆಗಿಂತ ಹೆಚ್ಚಾಗಿರುವ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯಲ್ಲೂ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಅದು ಬಂದರೆ ಇನ್ನೊಬ್ಬರಿಗೂ ಬರುವುದು ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ, ಅಥವಾ ಅದಕ್ಕೂ ಕಡಿಮೆ.

ವೈದ್ಯರು ಮೊದಲು ಥೈರಾಯ್ಡ್ ಮತ್ತು ವಿಟಮಿನ್ ಬಿ12 ಪರೀಕ್ಷೆಗೆ ರಕ್ತ ಕೊಡಲು ಹೇಳಿದಾಗ ಮನಸ್ಸಿನ ಕಾಯಿಲೆಗೆ ರಕ್ತವೇಕೆ ಎಂದು ನಾವು ಗೊಣಗಿದ್ದೆವು. ಇವೆರಡರ ಕೊರತೆಯೂ ಖಿನ್ನತೆಯಂತೆಯೇ ತೋರಬಹುದೆಂದು ಆಗ ತಿಳಿದಿರಲಿಲ್ಲ. ಚಿಕ್ಕಪ್ಪನಿಗೆ ಎರಡೂ ಸರಿಯಿದ್ದವು.

ತನಗೂ ಇದು ಬರುತ್ತದೆಯೇ ಎಂದು ಅವರ ಮಗಳು ಒಂದು ದಿನ ನೇರವಾಗಿ ಕೇಳಿದಳು. ಉಳಿದವರಿಗಿಂತ ಎರಡು ಮೂರು ಪಟ್ಟು ಸಾಧ್ಯತೆ ಹೆಚ್ಚು, ಆದರೂ ಬರದಿರುವ ಸಾಧ್ಯತೆಯೇ ಅದಕ್ಕಿಂತ ದೊಡ್ಡದು ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಈಗ ಮಳೆಪುಸ್ತಕ ಅವಳ ಕೈಯಲ್ಲಿದೆ. ಚಿಕ್ಕಪ್ಪ ಮಾತ್ರೆ ಮುಂದುವರಿಸಿದ್ದಾರೆ, ಕುಡಿತ ಬಿಟ್ಟಿದ್ದಾರೆ; ಕಳೆದ ಜುಲೈಯಲ್ಲಿ ಎರಡು ರಾತ್ರಿ ಟಾರ್ಚ್ ಹಿಡಿದು ಹೊರಗೆ ಹೋದರು, ಎರಡು ಸಲವೂ ಚಿಕ್ಕಮ್ಮ ಛತ್ರಿ ಹಿಡಿದು ಜೊತೆಗೆ ಹೋದರು.