ಮೂರು ಹೋಟೆಲುಗಳ ಐಪಿ ವಿಳಾಸ ದಾಖಲೆ: ಕೆಲಸ ಎಲ್ಲಿಗೆ ಬಂದಿದೆ

ಮಾಟುಂಗಾ, ಚೆಂಬೂರು ಮತ್ತು ವಾಶಿಯಲ್ಲಿ ನನ್ನ ಸೋದರಮಾವ ನಡೆಸುವ ಉಡುಪಿ ಹೋಟೆಲುಗಳ ನೆಟ್‌ವರ್ಕ್‌ಗಾಗಿ ನಾನು ಬಿಡುವಿನ ವೇಳೆಯಲ್ಲಿ ಬರೆಯುತ್ತಿರುವ ಪ್ರೋಗ್ರಾಂ ಈಗ ಐಪಿ ವಿಳಾಸಗಳನ್ನೂ (ನೆಟ್‌ವರ್ಕ್‌ನ ಪ್ರತಿ ಸಾಧನಕ್ಕೆ ಕೊಡುವ ಸಂಖ್ಯೆ) ಅವುಗಳ ಗುಂಪುಗಳಾದ ಸಬ್‌ನೆಟ್‌ಗಳನ್ನೂ ಸರಿಯಾಗಿ ದಾಖಲಿಸುವ ಹಂತ ತಲುಪಿದೆ. ಇದೇ ಕೆಲಸಕ್ಕೆ ನೆಟ್‌ಬಾಕ್ಸ್‌ನಂಥ ದೊಡ್ಡ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ ಮತ್ತು ಚೆನ್ನಾಗಿಯೂ ಇದೆ. ಆದರೆ ಅದಕ್ಕೆ ಪೋಸ್ಟ್‌ಗ್ರೆಸ್, ರೆಡಿಸ್ ಎಂಬ ದತ್ತಸಂಚಯಗಳ ಬೇರೆ ಬೇರೆ ಸರ್ವರ್‌ಗಳನ್ನು ನಡೆಸಬೇಕಾಗುತ್ತದೆ. ಗಲ್ಲಾದ ಪಕ್ಕದ ಹಳೆಯ ಕಂಪ್ಯೂಟರಿನಲ್ಲಿ ನಡೆಯುವ, ಒಂದೇ ಎಸ್‌ಕ್ಯೂಲೈಟ್ ದತ್ತಸಂಚಯದ ಫೈಲಿನಲ್ಲಿ ಎಲ್ಲವನ್ನೂ ಇಟ್ಟುಕೊಳ್ಳುವ ಪೈಥಾನ್ ಪ್ರೋಗ್ರಾಂ ನಮಗೆ ಸಾಕು. ಮಾವನವರು ಕೇಳಿದ್ದೂ ಇಷ್ಟೇ: "ಹೊಸ ಕ್ಯಾಮೆರಾಕ್ಕೆ ಯಾವ ನಂಬರ್ ಕೊಡುವುದು ಮಾರಾಯ, ಅದನ್ನು ಹೇಳಿದರೆ ಸಾಕು."

ಆ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಆಗುವ ತೊಂದರೆ ಸಣ್ಣದಲ್ಲ. ಅಡುಗೆಮನೆಯಲ್ಲಿ ಆರ್ಡರ್ ಚೀಟಿ ಮುದ್ರಿಸುವ ಕೆಒಟಿ ಪ್ರಿಂಟರಿನ ವಿಳಾಸವನ್ನೇ ಕ್ಯಾಮೆರಾಕ್ಕೂ ಕೊಟ್ಟರೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆರ್ಡರ್ ಚೀಟಿಗಳು ಒಮ್ಮೆ ಬರುತ್ತವೆ, ಒಮ್ಮೆ ಬರುವುದಿಲ್ಲ; ಕಾರಣ ಯಾರಿಗೂ ಬೇಗ ಹೊಳೆಯುವುದೂ ಇಲ್ಲ.

ಮೊದಲು ಹಳೆಯ ಎಕ್ಸೆಲ್ ಹಾಳೆಯನ್ನು ಒಳಗೆ ತಂದೆ. ಎಕ್ಸೆಲ್ ವಿಳಾಸವನ್ನು ಬರಿಯ ಅಕ್ಷರಗಳೆಂದು ನೋಡುವುದರಿಂದ 192.168.1.10 ಎಂಬುದು 192.168.1.2ಕ್ಕಿಂತ ಮೇಲೆ ಬಂದು ಕೂರುತ್ತದೆ. ಅದನ್ನು ತಪ್ಪಿಸಲು ಹಾಳೆಯಲ್ಲಿ 192.168.001.010 ಎಂದು ಸೊನ್ನೆ ತುಂಬಿಸಲಾಗಿತ್ತು. ನೋಡಲು ಅಚ್ಚುಕಟ್ಟಾದರೂ ಇದು ಅಪಾಯಕಾರಿ, ಏಕೆಂದರೆ ಸಾಧನ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್‌ನಂಥ ಹಲವು ಪ್ರೋಗ್ರಾಂಗಳು ಸೊನ್ನೆಯಿಂದ ಆರಂಭವಾಗುವ ಅಂಕಿಯನ್ನು ಅಷ್ಟಮಾನ (ಎಂಟರ ಆಧಾರದ ಎಣಿಕೆ) ಪದ್ಧತಿಯಲ್ಲಿ ಓದುತ್ತವೆ, ಆಗ 010 ಎಂಬುದು 8 ಆಗಿ ಸಂದೇಶ ಬೇರೆಯೇ ಸಾಧನಕ್ಕೆ ಹೋಗುತ್ತದೆ. ಪೈಥಾನಿನ ವಿಳಾಸ ಮಾಡ್ಯೂಲ್ 3.9.5ನೆಯ ಆವೃತ್ತಿಯಿಂದ ಇಂಥ ಬರಹವನ್ನು ಒಪ್ಪುವುದೇ ಇಲ್ಲ, ಅದು ಸರಿಯಾದ ನಿರ್ಧಾರ. ನಾನು ಸೊನ್ನೆಗಳನ್ನು ತೆಗೆದು, ಪ್ರತಿ ವಿಳಾಸವನ್ನೂ ಒಂದೇ ಪೂರ್ಣಾಂಕವಾಗಿ ಇಡುತ್ತಿದ್ದೇನೆ: 10.20.0.5 ಎಂದರೆ 169082885. ಹೀಗಿಟ್ಟರೆ ಕ್ರಮವೂ ಹುಡುಕಾಟವೂ ತಾವಾಗಿಯೇ ಸರಿಹೋಗುತ್ತವೆ.

ಎರಡು ಹೋಟೆಲುಗಳಲ್ಲಿ ರೂಟರಿನೊಂದಿಗೆ ಬಂದ 192.168.1.0/24 (ಎಂದರೆ 192.168.1.0ರಿಂದ 192.168.1.255ರವರೆಗಿನ 256 ವಿಳಾಸಗಳು) ಹಾಗೆಯೇ ಉಳಿದಿತ್ತು; ಅವುಗಳನ್ನು ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ಸಂಪರ್ಕ) ಮೂಲಕ ಜೋಡಿಸಿದರೆ ಯಾವ ವಿಳಾಸ ಯಾವ ಊರಿನದು ಎಂದು ರೂಟರಿಗೆ ತಿಳಿಯುವುದಿಲ್ಲ. ಆದ್ದರಿಂದ ಮಾಟುಂಗಾಕ್ಕೆ 10.20.0.0/22, ಚೆಂಬೂರಿಗೆ 10.20.4.0/22, ವಾಶಿಗೆ 10.20.8.0/22 ಎಂದು ಹಂಚಿದ್ದೇನೆ. ಒಂದೊಂದರಲ್ಲೂ 1024 ವಿಳಾಸಗಳಿದ್ದು, ಅವು ಬಿಲ್ಲಿಂಗ್, ಕ್ಯಾಮೆರಾ, ಗಿರಾಕಿಗಳ ವೈಫೈ ಮತ್ತು ಮುಂದಿನ ಅಗತ್ಯ ಎಂದು ನಾಲ್ಕು /24 ಭಾಗಗಳಾಗುತ್ತವೆ. ಎರಡು ಸಬ್‌ನೆಟ್‌ಗಳು ಪೂರ್ತಿ ಬೇರೆಯಾಗಿರುತ್ತವೆ, ಇಲ್ಲವೇ ಒಂದರೊಳಗೆ ಇನ್ನೊಂದಿರುತ್ತದೆ. ಅರ್ಧಂಬರ್ಧ ಸೇರುವುದು ಸಾಧ್ಯವೇ ಇಲ್ಲ. ಅರ್ಧಂಬರ್ಧ ಸೇರುವ ಸಾಧ್ಯತೆ ಇರುವುದು 100ರಿಂದ 199ರವರೆಗೆ ಎಂದು ಬಾಯಿಮಾತಿನಲ್ಲಿ ಹೇಳುವ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸವನ್ನು ತಾನಾಗಿಯೇ ಹಂಚುವ ವ್ಯವಸ್ಥೆ) ವ್ಯಾಪ್ತಿಗಳಲ್ಲಿ ಮಾತ್ರ. ಅವುಗಳ ಪರೀಕ್ಷೆಯನ್ನು ಬೇರೆಯಾಗಿಯೇ ಬರೆದೆ.

ಹೆಚ್ಚು ಯೋಚಿಸಿದ್ದು ಖಾಲಿ ವಿಳಾಸ ಹುಡುಕುವ ಭಾಗದ ಬಗ್ಗೆ. ಪಿಂಗ್‌ಗೆ ಉತ್ತರಿಸದ ಸಾಧನವೂ 'ಈ ಐಪಿ ವಿಳಾಸ ಯಾರದು' ಎಂದು ಕೇಳುವ ಎಆರ್‌ಪಿ ಪ್ರಶ್ನೆಗೆ ಉತ್ತರಿಸುತ್ತದೆಯಾದ್ದರಿಂದ ಅದನ್ನೇ ಬಳಸುತ್ತಿದ್ದೇನೆ. ಅದು ರೂಟರನ್ನು ದಾಟುವುದಿಲ್ಲ, ಹಾಗಾಗಿ ಹುಡುಕಾಟ ಆಯಾ ಹೋಟೆಲಿನ ಆಯಾ ಸಬ್‌ನೆಟ್ಟಿನೊಳಗೇ ನಡೆಯಬೇಕು. ಆದರೂ ರಾತ್ರಿ ಸ್ವಿಚ್ ಆರಿಸಿದ ಪ್ರಿಂಟರ್ ಯಾವ ಪ್ರಶ್ನೆಗೂ ಉತ್ತರಿಸದು. ಆದ್ದರಿಂದ ನಾವು ಬರೆದುಕೊಟ್ಟ ವಿಳಾಸಗಳು ಒಂದು ಕೋಷ್ಟಕದಲ್ಲಿ, ತಂತಿಯ ಮೇಲೆ ಕಂಡ ವಿಳಾಸಗಳು ಇನ್ನೊಂದರಲ್ಲಿ ಇರುತ್ತವೆ. ಎರಡನೆಯದು ಮೊದಲನೆಯದನ್ನು ಎಂದೂ ತಿದ್ದುವುದಿಲ್ಲ. ಈ ನಿಯಮವನ್ನು ನಾನು ಯಾವ ಕಾರಣಕ್ಕೂ ಸಡಿಲಿಸಲಾರೆ. ಎರಡರಲ್ಲೂ ಇಲ್ಲದ, ಡಿಎಚ್‌ಸಿಪಿ ವ್ಯಾಪ್ತಿಯ ಹೊರಗಿನ ವಿಳಾಸವನ್ನು ಮಾತ್ರ ಪ್ರೋಗ್ರಾಂ ಖಾಲಿ ಎಂದು ಸೂಚಿಸುತ್ತದೆ.

ಮೊಬೈಲುಗಳು ಇತ್ತೀಚೆಗೆ ತಮ್ಮ ನಿಜವಾದ ಮ್ಯಾಕ್ ವಿಳಾಸದ (ಸಾಧನದ ಯಂತ್ರಾಂಶದ ಗುರುತು) ಬದಲು ತೋರಿಕೆಯ ಮ್ಯಾಕ್ ವಿಳಾಸ ಬಳಸುತ್ತವೆ. ಅಂಥ ವಿಳಾಸದ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿರುತ್ತದೆ. ಹಾಗಿದ್ದರೆ ಅದನ್ನು ಸಾಧನದ ಗುರುತೆಂದು ದಾಖಲಿಸುತ್ತಿಲ್ಲ.

ಐಪಿವಿ6 (ಹೊಸ, ಉದ್ದನೆಯ ಐಪಿ ವಿಳಾಸ ಪದ್ಧತಿ) ಇನ್ನೂ ಬಾಕಿ ಇದೆ. ಅದರ 128 ಬಿಟ್‌ಗಳು ಎಸ್‌ಕ್ಯೂಲೈಟಿನ 64 ಬಿಟ್ ಪೂರ್ಣಾಂಕದಲ್ಲಿ ಹಿಡಿಸುವುದಿಲ್ಲವಾದ್ದರಿಂದ 16 ಬೈಟ್‌ಗಳ ಬ್ಲಾಬ್ (ಕಚ್ಚಾ ಬೈಟ್‌ಗಳ ಸಾಲು) ಆಗಿ ಇಡಬೇಕು. ಅದಕ್ಕೂ ಮೊದಲು ವಾಶಿಯ ಕ್ಯಾಮೆರಾಗಳನ್ನು ಹೊಸ ಸಬ್‌ನೆಟ್‌ಗೆ ಸಾಗಿಸುವ ಕೆಲಸವಿದೆ.