ಹೊಸ ಮೀನಿಗೆ ಬೇರೆ ಮನೆ

ಕೊನೆಗೂ ಹಾಲ್‌ನ ಮೂಲೆಯಲ್ಲಿ ಕ್ವಾರಂಟೈನ್ ಟ್ಯಾಂಕ್, ಅಂದ್ರೆ ಹೊಸ ಮೀನನ್ನು ಮೊದಲು ಬೇರೆಯಾಗಿಡೋ ಟ್ಯಾಂಕ್, ನಿಂತಿತು. 75 ಲೀಟರ್. ಮರಳಿಲ್ಲ, ಕಲ್ಲಿಲ್ಲ, ಸ್ಪಂಜ್ ಫಿಲ್ಟರ್, ಹೀಟರ್, ಅಡಗೋಕೆ ಎರಡು ಪಿವಿಸಿ ಪೈಪ್ ತುಂಡು. ಕಾವೇರಿ ನೀರನ್ನು ಆರ್‌ಒ ಮಾಡಿ, ಉಪ್ಪು ಬೆರೆಸಿ ಸಾಂದ್ರತೆಯನ್ನು ಸಮುದ್ರದ ನೀರಿನಷ್ಟು, 1.025ಕ್ಕೆ ತಂದೆ.

ಹೋದ ವರ್ಷ ಹೊಸ ಟ್ಯಾಂಗ್ ಮೀನನ್ನು ನೇರ ದೊಡ್ಡ ಟ್ಯಾಂಕಿಗೇ ಬಿಟ್ಟಿದ್ದೆ. ಮೈಮೇಲೆಲ್ಲ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ, ಒಂದು ಪರಾವಲಂಬಿಯಿಂದ ಬರೋ ರೋಗ. ಆಮೇಲೆ ನನ್ನ ಕ್ಲೌನ್ ಮೀನಿನ ಜೋಡಿಯೂ ಹೋಯ್ತು. ದೊಡ್ಡ ಟ್ಯಾಂಕಿಗೆ ಇದಕ್ಕೆ ಕೊಡೋ ತಾಮ್ರದ ಔಷಧಿ ಹಾಕೋ ಹಾಗಿಲ್ಲ, ಹವಳ, ಸೀಗಡಿ ಉಳಿಯಲ್ಲ. ಆ ಪರಾವಲಂಬಿ ಮೀನಿನ ಮೈಯಿಂದ ಉದುರಿ, ತಳದಲ್ಲಿ ಗೂಡು ಕಟ್ಟಿ ವಾರಗಟ್ಟಲೆ ಕಾಯುತ್ತೆ. ಚುಕ್ಕೆ ಮಾಯವಾದರೆ ವಾಸಿಯಾಯ್ತು ಅಂತಲ್ಲ.

ಇವತ್ತು ಬಂದ ಪುಟ್ಟ ಕ್ಲೌನ್ ಪೈಪಿನೊಳಗಿಂದ ಇಣುಕುತ್ತಿದೆ. 30 ದಿನ ಅಲ್ಲೇ. "ಒಂದೇ ಇದೆಯಲ್ಲೋ, ಬೇಜಾರಾಗಲ್ವಾ ಅದಕ್ಕೆ?" ಅಂದ್ರು ಅಮ್ಮ. ಕುರ್ಚಿ ಎಳೆದುಕೊಂಡು ಅದರ ಪಕ್ಕದಲ್ಲೇ ಕೂತಿದ್ದೀನಿ.