ಸಮುದ್ರದ ಲೆಕ್ಕ, ಬಳ್ಳಾರಿಯ ನೀರು

ಬಳ್ಳಾರಿ ಕಡೆ ಉಕ್ಕಿನ ಕಾರ್ಖಾನೆಗಳು ಬೇಕಾದಷ್ಟಿವೆ. ನಮ್ಮದು ಯಾವುದು ಅಂತ ಕೇಳಬೇಡಿ. ನಾನು ಅಲ್ಲಿ ಈಟಿಪಿ (ತ್ಯಾಜ್ಯ ನೀರು ಸಂಸ್ಕರಿಸುವ ಘಟಕ) ಕೆಮಿಸ್ಟ್. ಆರ್‌ಒ ಫಿಲ್ಟರ್ ಹೊರಹಾಕುವ ಉಪ್ಪು ನೀರಿಗೆ, ಅಂದರೆ ರಿಜೆಕ್ಟಿಗೆ, ಸುಣ್ಣ ಹಾಕಿ, ಹಾರ್ಡ್‌ನೆಸ್ (ಗಡಸುತನ) ಇಳಿಸಿ, ನೀರನ್ನು ಆವಿ ಮಾಡುವ ಎಂಇಇಗೆ ಕಳಿಸಬೇಕು. ಎಷ್ಟು ಸುಣ್ಣ ಅಂತ ಹೇಳುವುದು ನಾನೇ ಮಾಡಿದ ಎಕ್ಸೆಲ್ ಶೀಟ್. ಪಿಎಚ್, ಎಂ-ಆಲ್ಕಲಿನಿಟಿ (ನೀರಿನ ಒಟ್ಟು ಕ್ಷಾರ), ಹಾರ್ಡ್‌ನೆಸ್, ಟಿಡಿಎಸ್ (ಕರಗಿದ ಒಟ್ಟು ಲವಣ) ತುಂಬಿದರೆ ಕಾರ್ಬೊನೇಟ್, ಬೈಕಾರ್ಬೊನೇಟ್ ಬೇರೆ ಮಾಡಿ ಡೋಸ್ ಕೊಡುತ್ತದೆ. ಆ ಶೀಟಿನ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಹೆಮ್ಮೆ ಇತ್ತು.

ಬೋರಾನ್ ನೆನಪಿರಲಿಲ್ಲ ಅಂತಲ್ಲ. ಕ್ಷಾರ ಅಳೆಯಲು ಆಸಿಡ್ ಬಿಡುವ ಟೈಟ್ರೇಷನ್ನಲ್ಲಿ ಆಸಿಡ್ ಕುಡಿಯುವುದು ಕಾರ್ಬೊನೇಟ್ ಒಂದೇ ಅಲ್ಲ, ಬೋರಾನಿನಿಂದಾದ ಬೋರೇಟ್ ಕೂಡ ಕುಡಿಯುತ್ತದೆ. ಶೀಟ್ ಮಾಡುವಾಗ ಅದಕ್ಕೊಂದು ಕಾಲಂ ಇಟ್ಟಿದ್ದೆ. ಆಮೇಲೆ ತ್ರೈರಾಶಿ ಹಾಕಿದೆ. ಸಮುದ್ರದ ನೀರಿನ ಒಂದು ಕೆಜಿಯಲ್ಲಿ 35 ಗ್ರಾಂ ಉಪ್ಪು, ಸುಮಾರು 4.5 ಮಿಲಿಗ್ರಾಂ ಬೋರಾನ್. ನಮ್ಮ ಟಿಡಿಎಸ್ 12,000. ಅಂದರೆ ಬೋರಾನ್ ಒಂದೂವರೆ ಪಿಪಿಎಂ. ಅಷ್ಟಕ್ಕೆ ಆಲ್ಕಲಿನಿಟಿಯಲ್ಲಿ ಮೂರು ಪಿಪಿಎಂ ವ್ಯತ್ಯಾಸ. ಬ್ಯೂರೆಟ್ ಓದುವುದರಲ್ಲೇ ಅದಕ್ಕಿಂತ ಜಾಸ್ತಿ ಹೆಚ್ಚುಕಮ್ಮಿ ಆಗುತ್ತದೆ. ಕಾಲಂ ಅಳಿಸಿಬಿಟ್ಟೆ.

ಅದು ಏಪ್ರಿಲ್ ತಿಂಗಳ ನೈಟ್ ಶಿಫ್ಟ್. ರಾತ್ರಿ ಒಂದು ಗಂಟೆಗೂ ಲ್ಯಾಬಿನ ಗೋಡೆ ಮುಟ್ಟಿದರೆ ಬಿಸಿ. ರಿಜೆಕ್ಟ್ ಸ್ಯಾಂಪಲ್ ಪಿಎಚ್ 8.8, ಎಂ-ಆಲ್ಕ 400, ಹಾರ್ಡ್‌ನೆಸ್ 500. ಶೀಟ್ ಪ್ರಕಾರ ಕ್ಲಾರಿಫೈಯರ್ (ಸುಣ್ಣ ಬೆರೆಸಿ ಗಸಿ ಕೂರಿಸುವ ತೊಟ್ಟಿ) ಪಿಎಚ್ 10.3ಕ್ಕೆ ಹೋಗಬೇಕು, ಔಟ್‌ಲೆಟ್ ಹಾರ್ಡ್‌ನೆಸ್ 150ರೊಳಗೆ ಬರಬೇಕು. ಡೋಸ್ ಬರೆದುಕೊಟ್ಟು ಒಗ್ಗರಣೆ-ಮಿರ್ಚಿ ತಿನ್ನಲು ಕುಳಿತೆ.

ಎರಡು ಗಂಟೆಗೆ ಆಪರೇಟರ್ ಕಾಕಾ ಬಂದರು. ಕುಷ್ಟಗಿ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

"ಸರ್, ಪಿಎಚ್ ಏರವಲ್ದು. ನೀರು ಸುಣ್ಣ ನುಂಗಾಕತ್ತೈತಿ."

ಹೋಗಿ ನೋಡಿದೆ. 9.7. ಪ್ರೋಬ್ ತೊಳೆದು ಬಫರಿನಲ್ಲಿ ಚೆಕ್ ಮಾಡಿದೆ, ಸರಿ ಇತ್ತು. ಸುಣ್ಣವೇ ಕಳಪೆ ಬಂದಿದೆ ಅಂದುಕೊಂಡೆ. ಪರ್ಚೇಸಿನವರನ್ನು ಬೈಯಲು ನಮಗೆ ಕಾರಣ ಸಿಕ್ಕರೆ ಸಾಕು. ಸುಣ್ಣದ ಪಂಪಿನ ಸ್ಟ್ರೋಕ್ 60 ಇದ್ದದ್ದನ್ನು 72 ಮಾಡಿಸಿದೆ. "ಸ್ವಲ್ಪ ತಡೀರಿ ಸರ್, ಜಾರ್ ಟೆಸ್ಟ್ ಮಾಡೋಣು" ಅಂದರು ಕಾಕಾ. ಜಾರಿನಲ್ಲಿ ಸ್ವಲ್ಪ ನೀರಿಗೆ ಸುಣ್ಣ ಹಾಕಿ ನೋಡುವ ಪರೀಕ್ಷೆ ಅದು. ಬೇಡ, ಶೀಟ್ ಇದೆಯಲ್ಲ ಅಂದೆ. ಈಗಲೂ ಚುಚ್ಚುವುದು ಆ ಮಾತು.

ನಾಲ್ಕು ಗಂಟೆಗೆ ಔಟ್‌ಲೆಟ್ ನೀರಿಗೆ ಗಡಸುತನ ಅಳೆಯುವ ಇಡಿಟಿಎ ದ್ರಾವಣ ಬಿಡುತ್ತಾ ಕುಳಿತೆ; ಲೆಕ್ಕ ಮುಗಿದಾಗ ಬಣ್ಣ ಕೆಂಪಿನಿಂದ ನೀಲಿಗೆ ತಿರುಗಬೇಕು. 150ರ ಗುರುತು ದಾಟಿತು, ಬಣ್ಣ ಕೆಂಪೇ. 300 ದಾಟಿತು, ಕೆಂಪೇ. ಬ್ಯೂರೆಟ್ ಮತ್ತೆ ತುಂಬಿಸಿದೆ. ಕೈ ಬೆವರುತ್ತಿತ್ತು. ನೀಲಿಗೆ ತಿರುಗಿದ್ದು 610ಕ್ಕೆ. ಒಳಗೆ ಬರುವ ನೀರಿಗಿಂತ ಹೊರಗೆ ಹೋಗುವ ನೀರು ಗಡಸು! ಅಷ್ಟೊತ್ತಿಗೆ ಆ ನೀರು ಎರಡು ಗಂಟೆ ಕಾಲ ಎಂಇಇಗೆ ಹೋಗಿತ್ತು. ಟ್ಯೂಬ್ ತೊಳೆಯಲು ಆಮೇಲೆ ಮೂರು ದಿನ ಹಿಡಿಯಿತು.

ಕಾರಣ ಗೊತ್ತಾಗಿದ್ದು ಮರುದಿನ. ಸ್ಯಾಂಪಲಿಗೆ ಆಸಿಡ್ ಹಾಕಿ ಕುದಿಸಿ, ಸಿಒ2 ಓಡಿಸಿ, ನ್ಯೂಟ್ರಲ್ ಮಾಡಿ ಮ್ಯಾನಿಟಾಲ್ ಹಾಕಿದೆ. ಬೋರಿಕ್ ಆಸಿಡ್ ಇದ್ದರೆ ಮ್ಯಾನಿಟಾಲ್ ಅದನ್ನು ಜೋರಾದ ಆಸಿಡ್ ಮಾಡುತ್ತದೆ. ಪಿಎಚ್ ದಡಕ್ಕನೆ ಬಿತ್ತು. ಕಾಸ್ಟಿಕ್ ಬಿಟ್ಟು ಲೆಕ್ಕ ಹಾಕಿದರೆ ಬೋರಾನ್ ನೂರು ಪಿಪಿಎಂ ಹತ್ತಿರ. ಬೋರಿಕ್ ಆಸಿಡ್ಡಿನ ಪಿಕೆ, ಅಂದರೆ ಅದರಲ್ಲಿ ಅರ್ಧ ಬೋರೇಟ್ ಆಗುವ ಪಿಎಚ್, 9.24; ಉಪ್ಪು ನೀರಲ್ಲಿ ಇನ್ನೂ ಕೆಳಗೆ. ಅಂದರೆ ನನ್ನ 400ರಲ್ಲಿ ಅರ್ಧ ಬರೀ ಬೋರೇಟ್. ಶೀಟ್ ಅದನ್ನೂ ಬೈಕಾರ್ಬೊನೇಟ್ ಅಂತ ತಿಳಿದು ಅದರ ಪಾಲಿನ ಸುಣ್ಣ ಹಾಕಿಸಿತು. ಉಳಿದಿದ್ದ ಬೋರಿಕ್ ಆಸಿಡ್ ಆ ಸುಣ್ಣದ ಕ್ಷಾರವನ್ನು ನುಂಗಿ ಪಿಎಚ್ ಏರಲು ಬಿಡಲಿಲ್ಲ. ಕ್ಯಾಲ್ಸಿಯಂಗೆ ಜೊತೆಯಾಗಿ ತಳಕ್ಕೆ ಕೂರಲು ಸಾಲುವಷ್ಟು ಕಾರ್ಬೊನೇಟ್ ಇಲ್ಲ, ಅದು ನೀರಲ್ಲೇ ಉಳಿಯಿತು. ಕಾಕಾ ಹೇಳಿದ್ದು ಅಕ್ಷರಶಃ ನಿಜ. ನೀರು ಸುಣ್ಣ ನುಂಗುತ್ತಿತ್ತು.

ಮೀಟಿಂಗಿನಲ್ಲಿ ಸಾಹೇಬರು "ಈ ಮಾಡೆಲ್ ಗೀಡೆಲ್ ಬಿಟ್ಟು ಅನುಭವದ ಮೇಲೆ ನಡೆಸ್ರಿ" ಅಂದರು. ಬೋರಾನ್ ಟೆಸ್ಟಿಗೆ ದುಡ್ಡು ಕೇಳಿದಾಗ ಫೈಲ್ ವಾಪಸ್ ಕಳಿಸಿದವರು ಇವರೇ, ಇರಲಿ. ಮಾಡೆಲ್ ಏನು ತಪ್ಪು ಮಾಡಿತ್ತು? ಆಮೇಲೆ ಅದೇ ಅಂಕಿಗಳನ್ನು ನೀರಿನ ರಸಾಯನದ ಲೆಕ್ಕ ಹಾಕುವ ಫ್ರೀಕ್‌ಸಿ ಸಾಫ್ಟ್‌ವೇರಿಗೆ ಕೊಟ್ಟು ನೋಡಿದೆ. ಬೋರಾನ್ ಕೊಟ್ಟರೆ ಬೋರೇಟಿನ ಪಾಲು ತಾನೇ ಕಳೆಯುತ್ತದೆ. ಕೊಡದಿದ್ದರೆ ಅದೂ ನನ್ನ ಶೀಟಿನ ಹಾಗೆಯೇ ಎಲ್ಲವನ್ನೂ ಕಾರ್ಬೊನೇಟಿನ ಖಾತೆಗೆ ಬರೆಯುತ್ತದೆ.

ಅಷ್ಟು ಬೋರಾನ್ ಬಂದದ್ದಾದರೂ ಎಲ್ಲಿಂದ? ಲಾಗ್‌ಬುಕ್ ತೆಗೆದೆ. ಹಿಂದಿನ ಶಿಫ್ಟಿನವರು ದಪ್ಪ ಅಕ್ಷರದಲ್ಲಿ ಬರೆದಿದ್ದರು: "ಮೋಲ್ಡ್ ಕೂಲಿಂಗ್ ಕ್ಲೋಸ್ಡ್ ಲೂಪ್ ಡ್ರೇನ್, ರಿಜೆಕ್ಟ್ ಪಿಟ್‌ಗೆ." ಉಕ್ಕಿನ ಎರಕದ ಅಚ್ಚನ್ನು ತಂಪಾಗಿಸುತ್ತಾ ಸುತ್ತುವ ನೀರನ್ನು ರಿಜೆಕ್ಟ್ ಗುಂಡಿಗೆ ಬಿಟ್ಟಿದ್ದರು. ಆ ಲೂಪಿನಲ್ಲಿ ತುಕ್ಕು ಹಿಡಿಯದಿರಲಿ ಅಂತ ಹಾಕುವುದು ನೈಟ್ರೈಟ್-ಬೋರಾಕ್ಸ್; ಬೋರಾಕ್ಸಿನಲ್ಲಿ ಬೋರಾನ್ ಇರುತ್ತದೆ. ಸಮುದ್ರದ ತ್ರೈರಾಶಿಗೆ ಅದು ಹೇಗೆ ಸಿಗಬೇಕು?

ಆ ಸಾಲಿನ ಕೆಳಗೆ, ಶಿಫ್ಟ್ ತಗೊಂಡೆ ಅಂತ, ನನ್ನದೇ ಸಹಿ ಇತ್ತು.